ಚಂದ್ರ ಯಾಕೆ ಸಣ್ಣಗಾಗ್ತಾನೆ? ಐದನೇ ಕ್ಲಾಸಿನ ಮಕ್ಕಳಿಗೆ ಭೂಮಿ, ಆಕಾಶ ಕಲಿಸಲು ಹೋದ ಕಥೆ

ಒಂದು ಪ್ರಶ್ನೆ ಕೇಳ್ತೀನಿ. ಮೊಬೈಲ್ ಪಕ್ಕಕ್ಕಿಟ್ಟು ಉತ್ತರ ಹೇಳಿ. ಹುಣ್ಣಿಮೆ ಆದ ಮೇಲೆ ಚಂದ್ರ ದಿನದಿಂದ ದಿನಕ್ಕೆ ಸಣ್ಣಗಾಗುತ್ತಾ ಹೋಗೋದು ಯಾಕೆ?

"ಭೂಮಿಯ ನೆರಳು ಅವನ ಮೇಲೆ ಬೀಳುತ್ತಲ್ಲ, ಅದಕ್ಕೆ" ಅಂತ ಅನ್ನಿಸಿದ್ದರೆ ಬೇಜಾರು ಮಾಡ್ಕೋಬೇಡಿ, ನೀವು ಒಬ್ಬರೇ ಅಲ್ಲ. ನಮ್ಮ ತಂಡದಲ್ಲಿ ಸಿಇಟಿಯಲ್ಲಿ ಒಳ್ಳೆ ರ‍್ಯಾಂಕ್ ತಗೊಂಡವರೂ ಇದೇ ಉತ್ತರ ಕೊಟ್ಟರು. ಕೊಟ್ಟಿದ್ದು ಹಾಸ್ಟೆಲ್ ರೂಮಿನಲ್ಲಾಗಿದ್ದರೆ ಪರವಾಗಿರಲಿಲ್ಲ. ನಾವು ಕೊಟ್ಟಿದ್ದು ಒಂದು ಸರಕಾರಿ ಶಾಲೆಯ ಐದನೇ ತರಗತಿಯಲ್ಲಿ, ಕಪ್ಪು ಹಲಗೆಯ ಮೇಲೆ ಬರೆದು. 28 ಮಕ್ಕಳು ಅದನ್ನ ನೋಟ್ಸಿಗೆ ಇಳಿಸಿಕೊಂಡರು.

ಅಲ್ಲಿಂದಲೇ ಈ ಲೇಖನ ಶುರು. ಶನಿವಾರದ ಬೆಳಗ್ಗೆ ಮಕ್ಕಳಿಗೆ ವಿಜ್ಞಾನ ಕಲಿಸಲು ಹೋಗಬೇಕು ಅಂತಿರುವ ಜೂನಿಯರ್‌ಗಳು ನಮ್ಮ ತಪ್ಪುಗಳನ್ನೇ ಮತ್ತೆ ಮಾಡದಿರಲಿ ಅಂತ ಬರೀತಾ ಇದೀನಿ.

ಮೊದಲ ಶನಿವಾರ

ಜೂನ್‌ನಲ್ಲಿ ಶಾಲೆ ಶುರುವಾದ ಹೊಸತು. ನಾವು ನಾಲ್ಕು ಜನ, ಒಂದು ಲ್ಯಾಪ್‌ಟಾಪ್, ಒಂದು ಪ್ರಾಜೆಕ್ಟರ್, 42 ಸ್ಲೈಡು. ಗುರುಗ್ರಹದ ವ್ಯಾಸ, ಶನಿಯ ಉಂಗುರ, ಚಂದ್ರಯಾನ, ಎಲ್ಲಾ ಇತ್ತು. "ಭೂಮಿ ಯಾವ ಆಕಾರ?" ಅಂತ ಕೇಳಿದೆ. "ಗುಂಡಗೇ..." ಅಂತ ಇಡೀ ಕ್ಲಾಸು ರಾಗ ಎಳೀತು. ಅಬ್ಬಾ, ಇವರಿಗೆ ಬೇಸಿಕ್ಸ್ ಗೊತ್ತಿದೆ ಅಂದುಕೊಂಡು ಮುಂದಿನ ಸ್ಲೈಡಿಗೆ ಹೋದೆ.

ಕೊನೆಗೆ ಹತ್ತು ನಿಮಿಷ ಉಳಿಯಿತು. ಏನಾದರೂ ಮಾಡಿಸೋಣ ಅಂತ, "ಭೂಮಿ ಬರೆದು, ಅದರ ಮೇಲೆ ನಿಮ್ಮನ್ನೂ ಬರೀರಿ" ಅಂದೆ. ಬಂದ ಚಿತ್ರಗಳನ್ನ ನೋಡಿ ತಲೆ ತಿರುಗಿತು. ಕೆಲವರು ದೊಡ್ಡ ವೃತ್ತ ಬರೆದು, ಅದರ ಒಳಗೆ ಅಡ್ಡಗೆರೆ ಎಳೆದು, ಗೆರೆಯ ಮೇಲೆ ಮನೆ, ಮರ, ಜನ ಇಟ್ಟಿದ್ದರು. ಮೇಲಿನ ಅರ್ಧ ಆಕಾಶವಂತೆ. ಕೆಲವರು ಹಾಳೆಯ ಕೆಳಗೆ ಚಪ್ಪಟೆ ನೆಲ ಬರೆದು, ಮೇಲೆ ಮೂಲೆಯಲ್ಲಿ ಒಂದು ಗುಂಡು ಬರೆದು 'ಭೂಮಿ' ಅಂತ ಹೆಸರು ಹಾಕಿದ್ದರು. ಒಬ್ಬ ಹುಡುಗ ಮಾತ್ರ ವೃತ್ತದ ಮೇಲ್ಭಾಗದಲ್ಲಿ ಮನೆ ಬರೆದು, ಕೆಳಭಾಗವನ್ನ ಪೂರ್ತಿ ಖಾಲಿ ಬಿಟ್ಟಿದ್ದ. "ಇಲ್ಲಿ ಯಾಕೆ ಯಾರೂ ಇಲ್ಲ?" ಅಂತ ಕೇಳಿದ್ದಕ್ಕೆ, "ಅಲ್ಲಿದ್ರೆ ಬಿದ್ದೋಗ್ತಾರೆ ಅಣ್ಣ" ಅಂದ.

ನಾನು ನಕ್ಕುಬಿಟ್ಟೆ. "ತಪ್ಪು! ಗುರುತ್ವಾಕರ್ಷಣೆ ಇದೆ ಅಲ್ವಾ?" ಅಂದೆ. ಕ್ಲಾಸೂ ನಕ್ಕಿತು. ಅವನು ಹಾಳೆ ಮಡಚಿ ಜೇಬಿಗೆ ಹಾಕಿಕೊಂಡ. ಮುಂದಿನ ಮೂರು ಶನಿವಾರ ಅವನ ಕೈ ಮೇಲೇಳಲಿಲ್ಲ.

ಅದೇ ದಿನ ಒಬ್ಬಳು ಹುಡುಗಿ ಚಂದ್ರನ ಪ್ರಶ್ನೆ ಕೇಳಿದ್ದು, ನನ್ನ ರೂಮ್‌ಮೇಟ್ 'ಭೂಮಿಯ ನೆರಳು' ಅಂತ ಹಲಗೆ ಮೇಲೆ ಬರೆದದ್ದು.

ಮಕ್ಕಳ ತಲೆಯಲ್ಲಿ ಆಗಲೇ ಒಂದು ಭೂಮಿ ಇದೆ

ಆ ರಾತ್ರಿ ಕೂತು ಓದಿದಾಗ ಗೊತ್ತಾಯಿತು, ಆ ಚಿತ್ರಗಳು ನಮ್ಮ ಶಾಲೆಗೆ ಮಾತ್ರ ಸೇರಿದ್ದಲ್ಲ. ಸ್ಟೆಲ್ಲಾ ವೊಸ್ನಿಯಾಡೂ ಮತ್ತು ವಿಲಿಯಂ ಬ್ರೂಯರ್ ಎಂಬ ಇಬ್ಬರು ಸಂಶೋಧಕರು ಅಮೆರಿಕದಲ್ಲಿ 60 ಮಕ್ಕಳನ್ನು ಮಾತಾಡಿಸಿ, 1992ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅಲ್ಲೂ ಇವೇ ಚಿತ್ರಗಳು: ಟೊಳ್ಳು ಗೋಳದ ಒಳಗೆ ಜನ, ನೆಲ ಒಂದು ಭೂಮಿ ಇನ್ನೊಂದು ಅನ್ನುವ 'ಎರಡು ಭೂಮಿ', ಮೇಲೆ ತಟ್ಟಿ ಚಪ್ಪಟೆ ಮಾಡಿದ ಗುಂಡು. 1996ರಲ್ಲಿ ಇದೇ ರೀತಿಯ ಅಧ್ಯಯನ ಹೈದರಾಬಾದಿನ ಮಕ್ಕಳ ಬಗ್ಗೆ ಬಂತು. ಅಲ್ಲಿ ಭೂಮಿ ನೀರಿನ ಮೇಲೆ ತೇಲುತ್ತಿದೆ ಅಂದುಕೊಂಡ ಮಕ್ಕಳೂ ಸಿಕ್ಕರು.

ಇದರಲ್ಲಿ ದಡ್ಡತನ ಏನೂ ಇಲ್ಲ. ಮಗುವಿಗೆ ಕಣ್ಣಿಗೆ ಕಾಣೋದು ಸಪಾಟು ನೆಲ. ಕೈಬಿಟ್ಟ ವಸ್ತು ಕೆಳಗೆ ಬೀಳುತ್ತೆ. ಟೀಚರ್ ಬಂದು ಭೂಮಿ ಗುಂಡಗಿದೆ ಅಂತಾರೆ. ಟೀಚರ್ ಸುಳ್ಳು ಹೇಳಲ್ಲ, ಕಣ್ಣೂ ಸುಳ್ಳು ಹೇಳಲ್ಲ. ಹಾಗಾಗಿ ಮಗು ಎರಡನ್ನೂ ಸೇರಿಸಿ ತನಗೆ ಸರಿಹೊಂದುವ ಒಂದು ಮಾಡೆಲ್ ಕಟ್ಟಿಕೊಳ್ಳುತ್ತೆ. ನಾವು ಲ್ಯಾಬಿನಲ್ಲಿ ಡೇಟಾಗೆ ಕರ್ವ್ ಫಿಟ್ ಮಾಡ್ತೀವಲ್ಲ, ಥೇಟ್ ಹಾಗೇ. "ಬಿದ್ದೋಗ್ತಾರೆ" ಅಂದ ಹುಡುಗ ಇಡೀ ಕ್ಲಾಸಿನಲ್ಲಿ ಅತ್ಯಂತ ಸರಿಯಾಗಿ ಯೋಚಿಸಿದವನು. ಅವನ ಭೂಮಿ ಗೋಳವೇ, ಜನ ಹೊರಗಡೆಯೇ ಇದ್ದರು. ಅವನಿಗೆ ತಪ್ಪಿದ್ದು ಒಂದೇ ಪದ: 'ಕೆಳಗೆ'.

ಆ ಪದವನ್ನ ಹೀಗೆ ಬಿಡಿಸಬಹುದು. ಒಂದು ಚೆಂಡಿನ ಸುತ್ತ ಮಣ್ಣಿನ ನಾಲ್ಕು ಗೊಂಬೆ ಅಂಟಿಸಿ. ಪ್ರತಿಯೊಂದು ಗೊಂಬೆಯ ಕೈಯಿಂದ ಕಲ್ಲು ಜಾರಿದರೆ ಯಾವ ಕಡೆ ಹೋಗುತ್ತೆ ಅಂತ ಕೇಳಿ. ಆಮೇಲೆ ಚೆಂಡನ್ನ ತಲೆಕೆಳಗು ಮಾಡಿ, "ಈಗ ಯಾರು ಬೀಳ್ತಾರೆ?" ಅನ್ನಿ. ಚರ್ಚೆ ಜಗಳದ ಮಟ್ಟಕ್ಕೆ ಹೋಗುತ್ತೆ, ಹೋಗಲಿ. 'ಕೆಳಗೆ' ಅಂದರೆ ಹಾಳೆಯ ಕೆಳತುದಿ ಅಲ್ಲ, ಭೂಮಿಯ ಮಧ್ಯದ ಕಡೆ ಅನ್ನೋದು ಅವರ ಬಾಯಿಂದಲೇ ಬಂದರೆ ಆ ದಿನದ ಕೆಲಸ ಮುಗಿದಂತೆ.

ನಮ್ಮಂಥ ದೊಡ್ಡವರ ತಲೆಯಲ್ಲೂ ಇಂಥ ಹಳೇ ಮಾಡೆಲ್‌ಗಳು ಹಾಗೇ ಕೂತಿರುತ್ತವೆ. 1987ರ 'ಎ ಪ್ರೈವೇಟ್ ಯೂನಿವರ್ಸ್' ಎಂಬ ಸಾಕ್ಷ್ಯಚಿತ್ರದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಪದವೀಧರರು, ಅಧ್ಯಾಪಕರೂ ಸೇರಿ 23 ಜನರನ್ನ ಮಾತಾಡಿಸಿದರು. ಬೇಸಿಗೆ, ಚಳಿಗಾಲ ಯಾಕಾಗುತ್ತೆ, ಚಂದ್ರನ ಆಕಾರ ಯಾಕೆ ಬದಲಾಗುತ್ತೆ ಅನ್ನೋ ಪ್ರಶ್ನೆಗಳಿಗೆ 21 ಜನ ಎಡವಿದರು. ಹಾಗಾಗಿ ಶಾಲೆಗೆ ಹೋಗುವ ಮೊದಲು ನಮ್ಮನ್ನ ನಾವೇ ಒಂದು ವೈವಾ ಮಾಡಿಕೊಳ್ಳೋದು ಒಳ್ಳೇದು.

ಮೈಯೇ ಮಾಡೆಲ್

ಮುಂದಿನ ಶನಿವಾರ ಪ್ರಾಜೆಕ್ಟರ್ ಒಯ್ಯಲಿಲ್ಲ. ಮೊದಲು ನನ್ನ ರೂಮ್‌ಮೇಟ್ ಹಲಗೆ ಹತ್ತಿರ ನಿಂತು, "ಹೋದ ವಾರ ನಾನು ತಪ್ಪು ಹೇಳ್ಕೊಟ್ಟೆ, ಆ ಸಾಲು ಹೊಡೆದು ಹಾಕಿ" ಅಂದ. ಮಕ್ಕಳು ನಂಬಲಾರದೆ ಟೀಚರ್ ಮುಖ ನೋಡಿದರು. ಅವರು ತಲೆಯಾಡಿಸಿದ ಮೇಲೆ ಅಳಿಸುವ ರಬ್ಬರ್ ಹೊರಗೆ ಬಂತು.

ಆಮೇಲೆ ಕಿಟಕಿಗಳಿಗೆ ಗೋಣಿಚೀಲ ಕಟ್ಟಿ, ಕತ್ತಲು ಮಾಡಿ, ಮಧ್ಯದಲ್ಲಿ ಒಂದು ಬಲ್ಬು ಹಚ್ಚಿದೆವು. ಬಲ್ಬು ಸೂರ್ಯ. ಪ್ರತಿ ಮಗುವಿನ ತಲೆ ಒಂದು ಭೂಮಿ, ಮೂಗಿನ ತುದಿ ಕರ್ನಾಟಕ. ಬಲ್ಬಿನ ಕಡೆ ಮುಖ ಮಾಡಿದರೆ ಮಧ್ಯಾಹ್ನ, ಬೆನ್ನು ಮಾಡಿದರೆ ಮಧ್ಯರಾತ್ರಿ. ನಿಧಾನವಾಗಿ ಎಡಕ್ಕೆ ತಿರುಗಬೇಕು. ತಿರುಗುವಾಗ ಬಲ್ಬು ಎಡಗಣ್ಣಿನ ಕಡೆಯಿಂದ ಕಾಣಿಸಿಕೊಳ್ಳುತ್ತೆ, ಬಲಗಣ್ಣಿನ ಕಡೆ ಮರೆಯಾಗುತ್ತೆ. ಎಡಗೈ ಪೂರ್ವ, ಬಲಗೈ ಪಶ್ಚಿಮ. ಸೂರ್ಯ ಹುಟ್ಟೋದು, ಮುಳುಗೋದು ಎರಡೂ ಕತ್ತು ತಿರುಗಿಸಿದಷ್ಟು ಸುಲಭವಾಗಿ ಅರ್ಥ ಆಗುತ್ತೆ.

ಈಗ ಚಂದ್ರ. ಒಂದು ಕಡ್ಡಿಗೆ ಬಿಳಿ ಥರ್ಮೋಕೋಲ್ ಗುಂಡು ಚುಚ್ಚಿ, ಕೈ ನೀಡಿ, ತಲೆಗಿಂತ ಸ್ವಲ್ಪ ಮೇಲೆ ಹಿಡಿಸಿ. ಬಲ್ಬಿನ ದಿಕ್ಕಿಗೆ ಹಿಡಿದಾಗ ನಮಗೆ ಕಾಣುವ ಮುಖ ಕತ್ತಲು, ಅದು ಅಮಾವಾಸ್ಯೆ. ಗುಂಡು ಹಿಡಿದುಕೊಂಡೇ ಎಡಕ್ಕೆ ಕಾಲು ಸುತ್ತು ತಿರುಗಿದರೆ ಬಲಭಾಗ ಅರ್ಧ ಬೆಳಗುತ್ತೆ. ಬಲ್ಬಿಗೆ ಬೆನ್ನು ಮಾಡಿದರೆ ಹುಣ್ಣಿಮೆ. ಮುಂದೆ ತಿರುಗಿದಂತೆ ಬೆಳಕು ಕರಗುತ್ತಾ ಬರುತ್ತೆ. ಇಡೀ ಸುತ್ತಿನಲ್ಲಿ ಗುಂಡಿನ ಅರ್ಧಭಾಗ ಸದಾ ಬೆಳಗಿಯೇ ಇರುತ್ತೆ. ಆ ಬೆಳಗಿದ ಅರ್ಧದಲ್ಲಿ ನಮಗೆಷ್ಟು ಕಾಣುತ್ತೆ ಅನ್ನೋದಷ್ಟೇ ಬದಲಾಗೋದು. ನೆರಳಿನ ಮಾತೇ ಇಲ್ಲ.

ಹಾಗಾದರೆ ಭೂಮಿಯ ನೆರಳು? ಹುಣ್ಣಿಮೆಯ ಜಾಗದಲ್ಲಿ ಗುಂಡನ್ನ ಸ್ವಲ್ಪ ಕೆಳಗಿಳಿಸಿ. ನಿಮ್ಮ ತಲೆಯ ನೆರಳು ಅದರ ಮೇಲೆ ಬಿತ್ತಲ್ಲ, ಅದು ಗ್ರಹಣ. ಚಂದ್ರನ ದಾರಿ ಸುಮಾರು 5 ಡಿಗ್ರಿ ವಾಲಿರೋದರಿಂದ ಪ್ರತಿ ಹುಣ್ಣಿಮೆಗೂ ಗ್ರಹಣ ಆಗಲ್ಲ. ಇದನ್ನ ಮಕ್ಕಳೇ ಕೈ ಮೇಲೆ ಕೆಳಗೆ ಮಾಡಿ ಕಂಡುಕೊಂಡರು. ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದಲ್ಲಿ, ಖಗೋಳ ಕಲಿಯಲು ಕೈಸನ್ನೆ ಮತ್ತು ಮೈಚಲನೆ ಹೇಗೆ ನೆರವಾಗುತ್ತೆ ಅಂತ ಸಂಶೋಧನೆಯೇ ನಡೆದಿದೆ. ಬರೀ ಆಟ ಅಂತ ತಳ್ಳಿಹಾಕುವ ವಿಷಯ ಇದಲ್ಲ.

ಮೋಸಂಬಿ ಮತ್ತು ಗೋಲಿ

ಪುಸ್ತಕದ ಚಿತ್ರಗಳಿಂದ ಆಗುವ ತೊಂದರೆ ಅಂದರೆ ಅಳತೆ. ಸೂರ್ಯ, ಭೂಮಿ, ಚಂದ್ರ ಮೂರೂ ಒಂದೇ ಪುಟದಲ್ಲಿ ಒತ್ತೊತ್ತಾಗಿ ಕೂತಿರುತ್ತವೆ. ಪುಟ ಅಷ್ಟೇ ಇರೋದು, ಪಾಪ ಅವರಾದರೂ ಏನು ಮಾಡ್ತಾರೆ?

7 ಸೆಂ.ಮೀ. ಅಗಲದ ಒಂದು ಮೋಸಂಬಿ ತಗೊಳ್ಳಿ, ಅದು ಭೂಮಿ. 2 ಸೆಂ.ಮೀ. ಗೋಲಿ ಚಂದ್ರ. ಎರಡರ ನಡುವೆ ದೂರ ಎಷ್ಟಿರಬೇಕು ಅಂತ ಕೇಳಿದರೆ ಎಲ್ಲರೂ ಒಂದು ಗೇಣು ತೋರಿಸ್ತಾರೆ, ನಾವೂ ಅಷ್ಟೇ ತೋರಿಸಿದ್ದೆವು. ನಿಜವಾಗಿ 2 ಮೀಟರ್‌ಗಿಂತ ಸ್ವಲ್ಪ ಜಾಸ್ತಿ ಬೇಕು. ಭೂಮಿಯ ಅಂಥ 30 ಮೋಸಂಬಿಗಳನ್ನ ಸಾಲಾಗಿ ಇಟ್ಟಷ್ಟು. ಇದೇ ಅಳತೆಯಲ್ಲಿ ಸೂರ್ಯ ಸುಮಾರು 7.6 ಮೀಟರ್ ಅಗಲದ ಗೋಳ, ಅಂದರೆ ಎರಡಂತಸ್ತಿನ ಮನೆ. ಅದನ್ನ ಇಡಬೇಕಾದ್ದು 800 ಮೀಟರ್‌ಗೂ ಆಚೆ. ನಮ್ಮ ಮಕ್ಕಳು ಲೆಕ್ಕ ಹಾಕಿ ಊರಾಚೆಯ ಬಸ್ ಸ್ಟಾಪಿನ ಹತ್ತಿರ ಸೂರ್ಯನನ್ನ ನಿಲ್ಲಿಸಿದರು.

ಚಿತ್ರಗಳ ಇನ್ನೊಂದು ತೊಂದರೆ ಭೂಮಿಯ ಕಕ್ಷೆ. ಓರೆಯಾಗಿ ಬರೆಯೋದರಿಂದ ಅದು ಮೊಟ್ಟೆಯ ಹಾಗೆ ಕಾಣುತ್ತೆ. ನೋಡಿದವರಿಗೆ "ಹತ್ತಿರ ಬಂದಾಗ ಬೇಸಿಗೆ, ದೂರ ಹೋದಾಗ ಚಳಿ" ಅನ್ನಿಸದೆ ಇರುತ್ತಾ? ಅರ್ಧ ಅಕ್ಷ 10 ಸೆಂ.ಮೀ. ಇಟ್ಟು ಕಕ್ಷೆಯನ್ನ ಸರಿಯಾಗಿ ಬರೆದರೆ ಉದ್ದಕ್ಕೂ ಅಗಲಕ್ಕೂ ಇರುವ ವ್ಯತ್ಯಾಸ ಪೆನ್ಸಿಲ್ ಗೆರೆಗಿಂತ ತೆಳು. ಎಕ್ಸೆಂಟ್ರಿಸಿಟಿ 0.0167, ಬೇಕಿದ್ದರೆ ನೀವೇ ಲೆಕ್ಕ ಹಾಕಿ. ಇನ್ನೂ ಮಜಾ ಏನಂದರೆ, ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರೋದು ಜನವರಿ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿ.ಮೀ. ಅತಿ ದೂರ ಜುಲೈ ಮೊದಲ ವಾರದಲ್ಲಿ, ಸುಮಾರು 15.2 ಕೋಟಿ ಕಿ.ಮೀ. ನಾವು ಸ್ವೆಟರ್ ಹಾಕಿಕೊಂಡು ನಡುಗೋ ಹೊತ್ತಿಗೇ ಸೂರ್ಯ ಹತ್ತಿರ!

ಒಂದು ಕೋಲು ನೆಟ್ಟರೆ ಸಾಕು

ಹಾಗಾದರೆ ಋತುಗಳು ಯಾಕೆ? ಭೂಮಿಯ ಅಕ್ಷ ಸುಮಾರು 23.5 ಡಿಗ್ರಿ ವಾಲಿದೆ, ಅದಕ್ಕೆ. ಇದನ್ನ ಹೇಳಿದರೆ ಮಕ್ಕಳು ಬಾಯಿಪಾಠ ಮಾಡ್ತಾರೆ. ತೋರಿಸಬೇಕು ಅಂದರೆ ಒಂದು ಮೀಟರ್ ಪಿವಿಸಿ ಪೈಪು ಸಾಕು.

ಶಾಲೆಯ ಅಂಗಳದಲ್ಲಿ ಪೈಪನ್ನ ನೇರವಾಗಿ ನೆಟ್ಟೆವು. ದಿನಾ ಬಿಸಿಯೂಟಕ್ಕೆ ಮುಂಚೆ ನೆರಳಿನ ತುದಿಗೆ ಗುರುತು ಹಾಕುವ ಕೆಲಸ ಮಕ್ಕಳದ್ದು. ಮೊದಲ ಪಾಠವೇ ನಮಗೆ: ನೆರಳು ಅತಿ ಚಿಕ್ಕದಾಗಿದ್ದು ಸರಿಯಾಗಿ 12 ಗಂಟೆಗಲ್ಲ, 12.20ರ ಆಸುಪಾಸಿನಲ್ಲಿ. ಭಾರತದ ಗಡಿಯಾರ ನಡೆಯೋದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಬೆಂಗಳೂರಿನ ಕಡೆಯ ನಾವಿರೋದು 77.6ರಲ್ಲಿ. ಒಂದು ಡಿಗ್ರಿಗೆ 4 ನಿಮಿಷ ಅಂದರೆ ಹೆಚ್ಚುಕಡಿಮೆ 20 ನಿಮಿಷ ತಡ.

ಎರಡನೇ ಆಶ್ಚರ್ಯ, ಜೂನ್‌ನಲ್ಲಿ ನೆರಳು ದಕ್ಷಿಣಕ್ಕೆ ಬಿದ್ದಿತ್ತು. ಜೂನ್ 21ರ ಸುಮಾರಿಗೆ ಒಂದು ಮೀಟರ್ ಕೋಲಿಗೆ 18 ಸೆಂ.ಮೀ. ನೆರಳು. ಬೆಂಗಳೂರಿನ ಅಕ್ಷಾಂಶ ಸುಮಾರು 13 ಡಿಗ್ರಿ. ಆ ದಿನಗಳಲ್ಲಿ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋಗಿರುತ್ತಾನೆ. ಆಮೇಲೆ ಗುರುತುಗಳು ದಿನೇ ದಿನೇ ಕೋಲಿನ ಬುಡಕ್ಕೆ ಹತ್ತಿರವಾದವು. ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ಅದೇ ಶೂನ್ಯ ನೆರಳಿನ ದಿನ. ಏಪ್ರಿಲ್‌ನಲ್ಲಿ ಬೇಸಿಗೆ ರಜೆ. ಉಳಿದದ್ದು ಆಗಸ್ಟ್ 18, ಅದೂ ಮಳೆಗಾಲ. ನಾವಿಬ್ಬರು ಎರಡು ಪೀರಿಯಡ್ ಬಂಕ್ ಹೊಡೆದು ಹೋದೆವು. ಬೆಳಗ್ಗೆಯಿಂದ ಮೋಡ. 12.15ಕ್ಕೆ ಐದು ನಿಮಿಷ ಬಿಸಿಲು ಬಿತ್ತು ನೋಡಿ, ಕೋಲಿಗೆ ನೆರಳೇ ಇಲ್ಲ! ಅಡುಗೆಯವರೂ ಸೌಟು ಹಿಡಿದುಕೊಂಡೇ ಹೊರಗೆ ಬಂದರು.

ಡಿಸೆಂಬರ್ 21ರ ಹೊತ್ತಿಗೆ ಅದೇ ಕೋಲಿನ ಮಧ್ಯಾಹ್ನದ ನೆರಳು ಉತ್ತರಕ್ಕೆ 74 ಸೆಂ.ಮೀ. ಆಗಿತ್ತು. ಬಿಸಿಲು ಓರೆಯಾದಷ್ಟೂ ಅದೇ ಬೆಳಕು ಹೆಚ್ಚು ನೆಲಕ್ಕೆ ಹಂಚಿಹೋಗುತ್ತೆ, ಕಾವು ಕಡಿಮೆಯಾಗುತ್ತೆ. ಟಾರ್ಚನ್ನ ಚೌಕುಳಿ ಹಾಳೆಯ ಮೇಲೆ ನೇರವಾಗಿ ಒಮ್ಮೆ, ಓರೆಯಾಗಿ ಒಮ್ಮೆ ಬಿಟ್ಟು ಎಷ್ಟು ಮನೆ ಬೆಳಗಿತು ಅಂತ ಎಣಿಸಿದರೆ ಮುಗೀತು. "ಆಗಸ್ಟ್‌ನಲ್ಲೂ ಸೂರ್ಯ ನೆತ್ತಿ ಮೇಲೆ ಇದ್ದ, ಆದ್ರೆ ಏಪ್ರಿಲ್ ಥರ ಸೆಕೆ ಯಾಕಿರಲಿಲ್ಲ?" ಅಂತ ಒಬ್ಬಳು ಕೇಳಿದಳು. ಉತ್ತರ ಅವಳ ತಲೆ ಮೇಲೇ ಇತ್ತು, ಮುಂಗಾರಿನ ಮೋಡ. ಒಂದು ಎಚ್ಚರಿಕೆ: ಸೂರ್ಯನನ್ನ ನೇರವಾಗಿ ನೋಡಬಾರದು ಅಂತ ಪ್ರತಿ ಸಲವೂ ಹೇಳಿ. ನಮಗೆ ಬೇಕಾಗಿರೋದು ನೆರಳು ಮಾತ್ರ.

ಕಾಲ ಕೆಳಗಿನ ಕಥೆ

ಆಕಾಶದ ಸಂಭ್ರಮದಲ್ಲಿ ಕಾಲ ಕೆಳಗಿನ ಭೂಮಿಯನ್ನ ಮರೆಯೋದು ಸುಲಭ. ಒಂದು ಬಾಟಲಿಗೆ ಹೊಲದ ಮಣ್ಣು, ನೀರು ಹಾಕಿ ಕುಲುಕಿ ಬಿಟ್ಟರೆ ತಳದಲ್ಲಿ ಮರಳು, ಅದರ ಮೇಲೆ ನವುರು ಮಣ್ಣು, ಮೇಲೆ ಜೇಡಿ ಪದರವಾಗಿ ಕೂರುತ್ತೆ. ಕೆರೆಯ ತಳದಲ್ಲಿ ನಡೆಯೋದೂ ಇದೇ ಅಂತ ಮಕ್ಕಳೇ ಹೇಳ್ತಾರೆ.

ಕಾಲದ ಅಳತೆಗೆ 46 ಮೀಟರ್ ಹಗ್ಗ ತನ್ನಿ. 1 ಮೀಟರ್ ಅಂದರೆ 10 ಕೋಟಿ ವರ್ಷ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ, ಅಂದರೆ 45 ಮೀಟರ್‌ಗೂ ಹೆಚ್ಚು. ಲಾಲ್‌ಬಾಗ್ ಬಂಡೆ, ಪಿಕ್ನಿಕ್‌ಗೆ ಹೋದಾಗ ಜಾರುಬಂಡೆ ಆಡ್ತೀವಲ್ಲ ಅದು, ಸುಮಾರು 300 ಕೋಟಿ ವರ್ಷದ್ದು, ಇವತ್ತಿನಿಂದ 30 ಮೀಟರ್ ಹಿಂದೆ. ಮಲ್ಪೆ ಹತ್ತಿರದ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಲಾವಾ ಕಲ್ಲುಗಳು ಸುಮಾರು 88 ಸೆಂ.ಮೀ. ಹಿಂದೆ. ಡೈನೋಸಾರ್‌ಗಳು ಅಳಿದದ್ದು 66 ಸೆಂ.ಮೀ. ಹಿಂದೆ. ಮನುಷ್ಯ? ಹಗ್ಗದ ತುದಿಯ 3 ಮಿಲಿಮೀಟರ್. ಇದನ್ನ ಹೇಳಿದಾಗ ಕ್ಲಾಸು ಗಪ್‌ಚುಪ್.

ತಾತನ ಮಳೆ ನಕ್ಷತ್ರ

ಆ ಹುಡುಗನ ವಿಷಯಕ್ಕೆ ಬರ್ತೀನಿ. ನಾಲ್ಕನೇ ಶನಿವಾರ ಗೇಟಿನ ಹತ್ತಿರ ಒಬ್ಬನೇ ಬಂದು ಮೆಲ್ಲಗೆ ಕೇಳಿದ: "ಅಣ್ಣ, ನಮ್ ತಾತ ಮೃಗಶಿರಾ ಮಳೆ ಬಂತು ಅಂತಾರಲ್ಲ, ಆ ನಕ್ಷತ್ರ ಎಲ್ಲೈತೆ?"

ನನಗೆ ಗೊತ್ತಿರಲಿಲ್ಲ. ಈ ಸಲ ನಗಲಿಲ್ಲ. "ನಂಗೂ ಗೊತ್ತಿಲ್ಲ ಕಣೋ, ತಿಳ್ಕೊಂಡು ಬಂದು ಹೇಳ್ತೀನಿ" ಅಂದೆ.

ತಿಳಿದುಕೊಂಡದ್ದು ಇದು. ಸೂರ್ಯ ವರ್ಷವಿಡೀ ಸಾಗುವಂತೆ ಕಾಣುವ ದಾರಿಯನ್ನ ನಮ್ಮ ಹಿರಿಯರು 27 ನಕ್ಷತ್ರಗಳಾಗಿ ಭಾಗ ಮಾಡಿದ್ದಾರೆ. ಒಂದೊಂದರಲ್ಲಿ ಸೂರ್ಯ ಇರೋದು ಹದಿಮೂರೂವರೆ ದಿನ. ಜೂನ್ 8ರ ಸುಮಾರಿಗೆ ಸೂರ್ಯ ಮೃಗಶಿರಾ ಭಾಗಕ್ಕೆ ಬರುತ್ತಾನೆ, ಅಲ್ಲಿಂದ ಮೃಗಶಿರಾ ಮಳೆ. ಜೂನ್ 22ರ ಸುಮಾರಿಗೆ ಆರಿದ್ರಾ. ನಕ್ಷತ್ರ ಮಳೆ ತರಲ್ಲ. ಯಾವ ಮಳೆಗೆ ಏನು ಬಿತ್ತಬೇಕು ಅಂತ ನೆನಪಿಡೋಕೆ ಅದು ರೈತರ ಕ್ಯಾಲೆಂಡರ್.

ಹಾಗಾಗಿ ಮೃಗಶಿರಾ ಮಳೆ ಬೀಳುವಾಗ ಮೃಗಶಿರಾ ನಕ್ಷತ್ರ ಕಾಣೋದೇ ಇಲ್ಲ. ಅದು ಹಗಲಿನಲ್ಲಿ ಸೂರ್ಯನ ಜೊತೆಗೇ ಹುಟ್ಟಿ ಮುಳುಗುತ್ತೆ. ಆರು ತಿಂಗಳು ಕಾಯಬೇಕು. ಡಿಸೆಂಬರ್‌ನಲ್ಲಿ ರಾತ್ರಿ 8 ಗಂಟೆಗೆ ಪೂರ್ವಕ್ಕೆ ನೋಡಿದರೆ ಸಾಲಾಗಿ ಮೂರು ನಕ್ಷತ್ರ ಕಾಣುತ್ತವೆ. ಅದರ ಎಡಕ್ಕೆ ಕೆಂಪಗೆ ಹೊಳೆಯೋದು ಆರಿದ್ರಾ. ಆರಿದ್ರಾದ ಹತ್ತಿರ ಮಂಕಾದ ಪುಟ್ಟ ಗುಂಪು ಮೃಗಶಿರಾ. ಭೂಮಿ ಸೂರ್ಯನ ಸುತ್ತ ಅರ್ಧ ಸುತ್ತು ಬಂದಿದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಅದನ್ನ ಕ್ಲಾಸಿನಲ್ಲಿ ಹೇಳುವಾಗ, ಈ ಪ್ರಶ್ನೆ ಕೇಳಿದ್ದು ಯಾರು ಅಂತಲೂ ಹೇಳಿದೆ. ಮೊದಲ ದಿನ ಅವನ ಚಿತ್ರ ನೋಡಿ ನಕ್ಕಿದ್ದು ನನ್ನ ತಪ್ಪು ಅಂತಲೂ ಹೇಳಿದೆ.

ಡಿಸೆಂಬರ್ ಕೊನೆಗೆ ಅವನು ಮತ್ತೆ ಗೇಟಿನ ಹತ್ತಿರ ಸಿಕ್ಕ. "ನೋಡ್ದೆ ಅಣ್ಣ. ತಾತಂಗೂ ತೋರಿಸ್ದೆ." "ಏನಂದ್ರು?" "ಇದು ಮೃಗಶಿರಾ ಅಲ್ವೇ ಅಲ್ಲ, ಚಳಿಗಾಲದಾಗೆ ಎಲ್ಲಿ ಬರ್ತದೆ ಅಂದ್ರು. ನಾನು ಬಲ್ಬು ಹಚ್ಚಿ ತೋರಿಸ್ತೀನಿ ಬಾ ಅಂದಿದೀನಿ." ತರಗತಿಯಲ್ಲಿ ಅವನು ಕೈ ಎತ್ತೋದು ಈಗಲೂ ಕಡಿಮೆಯೇ. ಕೇಳೋದೇನಿದ್ದರೂ ಗೇಟಿನ ಹತ್ತಿರ.

ಹೋಗುವವರಿಗೆ ನಾಲ್ಕು ಮಾತು

ಹೇಳುವ ಮೊದಲು ಕೇಳಿ. ಬಾಯಿಂದ ಬರುವ ಉತ್ತರ ನಂಬಬೇಡಿ, ಚಿತ್ರ ಬರೆಸಿ. "ಗುಂಡಗೇ" ಅನ್ನುವ ರಾಗದ ಹಿಂದೆ ಹತ್ತು ಬೇರೆ ಬೇರೆ ಭೂಮಿ ಇರುತ್ತೆ.

ಒಂದು ದಿನಕ್ಕೆ ಒಂದೇ ವಿಷಯ. 42 ಸ್ಲೈಡಿನಲ್ಲಿ ಮಕ್ಕಳಿಗೆ ನೆನಪುಳಿದದ್ದು ಪ್ರಾಜೆಕ್ಟರ್ ಮಾತ್ರ.

ಶಾಲೆಯ ಟೀಚರ್ ಜೊತೆ ಕೂತು ಪ್ಲ್ಯಾನ್ ಮಾಡಿ. ನಾವು ವಾರಕ್ಕೊಮ್ಮೆ ಹೋಗಿ ಬರುವವರು, ಕೋಲಿನ ಗುರುತು ದಿನಾ ಹಾಕಿಸಿದ್ದು ಅವರು.

ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನಿ, ತಪ್ಪು ಹೇಳಿದರೆ ಮುಂದಿನ ವಾರವೇ ಹೋಗಿ ತಿದ್ದಿ. ನಾವು ಹಲಗೆ ಮೇಲೆ ಬರೆದದ್ದನ್ನ ಆ ಮಕ್ಕಳು ನಿಜ ಅಂತಲೇ ಮನೆಗೆ ಒಯ್ಯುತ್ತಾರೆ.

ಮುಂದಿನ ಶನಿವಾರ ಬೆಳಗ್ಗೆ 8ಕ್ಕೆ ಕಾಲೇಜಿನ ಮೇನ್ ಗೇಟ್ ಹತ್ತಿರ ಸೇರ್ತೀವಿ. ಇಂಟರ್ನಲ್ಸ್ ಇದ್ದರೂ ಹೋಗ್ತೀವಿ. ಬರುವವರು ಒಂದು ಮೋಸಂಬಿ, ಒಂದು ಗೋಲಿ ತನ್ನಿ. ಚಂದ್ರ ಯಾಕೆ ಸಣ್ಣಗಾಗ್ತಾನೆ ಅಂತ ದಾರಿಯಲ್ಲೇ ಕೇಳ್ತೀವಿ, ತಯಾರಾಗಿ ಬನ್ನಿ.